ಇಳಿಜಾರಿನ ಲೆಕ್ಕ

"ಬೆಂಗಳೂರು ಇರೋದು 920 ಮೀಟರ್ ಎತ್ತರದಲ್ಲಿ. ಹೊನ್ನಾವರ ಸಮುದ್ರದ ಪಕ್ಕ, ಅಂದ್ರೆ ಸೊನ್ನೆ. ದಾರಿಯೆಲ್ಲ ಇಳಿಜಾರು ಕಣೋ. ಸುಮ್ನೆ ಹ್ಯಾಂಡಲ್ ಹಿಡ್ಕೊಂಡು ಕೂತ್ಕೊಂಡ್ರೆ ಆಯ್ತು."

ಹೀಗೆ ಹೇಳಿದವನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು. ನಂಬದೆ ಇರೋದು ಹೇಗೆ? ನಾನು ಬ್ಯಾಂಕಿನಲ್ಲಿ ಇದ್ದವನು. ಆರಂಭದ ಬಾಕಿ, ಕೊನೆಯ ಬಾಕಿ ಸರಿಯಾಗಿದ್ದರೆ ನಡುವೆ ಏನಾಯಿತು ಅಂತ ನೋಡೋದು ಆಡಿಟರ್ ಕೆಲಸ. ಹಾಗಾಗಿ ಒಪ್ಪಿಕೊಂಡೆ.

ಇವನನ್ನು ಊರೆಲ್ಲ ಮೇಷ್ಟ್ರು ಅನ್ನುತ್ತೆ. ನಾನೂ ಹಾಗೇ ಕರೆಯುತ್ತೇನೆ, ಆದರೆ ಏಕವಚನದಲ್ಲಿ. ಐದನೇ ಕ್ಲಾಸಿನಲ್ಲಿ ಇಬ್ಬರೂ ಕಾಸು ಸೇರಿಸಿ ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯೋದು ಕಲಿತು, ಒಂದೇ ಮೋರಿಗೆ ಬಿದ್ದವರು ನಾವು. ಅಂಥವರ ನಡುವೆ ಬಹುವಚನಕ್ಕೆ ಜಾಗ ಇರುವುದಿಲ್ಲ.

ಮೇ ತಿಂಗಳ ಕೊನೆಗೆ ಮೇಷ್ಟ್ರು ರಿಟೈರ್ ಆದ. ಜೂನ್ ಬಂತು, ಸ್ಕೂಲು ಶುರುವಾಯಿತು, ಇವನು ಮಾತ್ರ ಗೇಟಿನ ಹತ್ತಿರ ನಿಂತು ಯೂನಿಫಾರ್ಮ್ ಮಕ್ಕಳನ್ನು ಎಣಿಸುತ್ತಿದ್ದ. ಒಂದು ದಿನ ಕಾಫಿಗೆ ಬಂದವನು ಇದ್ದಕ್ಕಿದ್ದಂತೆ ಜೋಗದ ವಿಷಯ ತೆಗೆದ. "ರಾಜ, ರಾಣಿ, ರೋರರ್, ರಾಕೆಟ್ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದೆ. 253 ಮೀಟರ್ ಅಂತ ಬಾಯಿಪಾಠ ಮಾಡಿಸಿದೆ. ನಾನು ನೋಡಿರೋದು ಮಾತ್ರ ಬೇಸಿಗೆ ರಜೆಯ ಜೋಗ. ಬರೀ ಬಂಡೆ!" ಜೋಗ ಮೈದುಂಬಿ ಬೀಳೋದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಮೇಷ್ಟ್ರಿಗೆ ರಜೆ ಸಿಗುವುದಿಲ್ಲ. ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ.

"ಅದಕ್ಕೇನು, ರಾತ್ರಿ ಬಸ್ಸಿಗೆ ಹೋಗಿ ಬಾ" ಅಂದೆ.

"ಬಸ್ಸಲ್ಲಿ ಹೋದ್ರೆ ಬೆಳಿಗ್ಗೆ ಮುಗಿದೇ ಹೋಗುತ್ತೆ. ಆಮೇಲೆ ಏನ್ ಮಾಡ್ಲಿ?"

ಹೀಗೆ ಹುಟ್ಟಿದ್ದು ಸೈಕಲ್ ಯಾತ್ರೆ. ಬೆಂಗಳೂರು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ, ಜೋಗ, ಕೊನೆಗೆ ಘಟ್ಟ ಇಳಿದು ಹೊನ್ನಾವರ. ಸುಮಾರು 450 ಕಿಲೋಮೀಟರ್. ಆಷಾಢದಲ್ಲಿ ಯಾಕೆ ಅಂತ ಮನೆಯಲ್ಲಿ ತಕರಾರು ಬಂತು. ಅದಕ್ಕೂ ಮೇಷ್ಟ್ರ ಹತ್ತಿರ ಉತ್ತರ ಇತ್ತು: ಆಷಾಢದಲ್ಲಿ ಮದುವೆ ಇಲ್ಲ, ಲಾಡ್ಜ್ ಎಲ್ಲ ಖಾಲಿ.

ನನ್ನದು ಮಗ ವಿದೇಶಕ್ಕೆ ಹೋಗುವಾಗ ಬಿಟ್ಟುಹೋದ ಗೇರ್ ಸೈಕಲ್. ಇಪ್ಪತ್ತೊಂದು ಗೇರು, ಅಂಗೈ ಅಗಲದ ಸೀಟು. ಮೇಷ್ಟ್ರದು ಅವನು ದಿನಾ ಸ್ಕೂಲಿಗೆ ತುಳಿದ ಕರಿ ಸೈಕಲ್. ಸ್ಪ್ರಿಂಗ್ ಸೀಟು, ಡೈನಮೋ, ಹಿಂದೆ ಒಂದು ಅಕ್ಕಿ ಮೂಟೆ ಹೊರುವಂಥ ಕ್ಯಾರಿಯರ್. ಅದಕ್ಕೆ ಗೇರೇ ಇಲ್ಲ. "ಇಳಿಜಾರಿಗೆ ಗೇರ್ ಯಾಕೆ?"

ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಪೀಣ್ಯ ದಾಟುವ ತನಕ ಲಾರಿಗಳ ಗಾಳಿಯೇ ನಮ್ಮನ್ನು ಎಳೆದುಕೊಂಡು ಹೋಯಿತು. ನೆಲಮಂಗಲ ದಾಟಿದ ಮೇಲೆ ಬೆಳಕು ಹರಿಯಿತು. ಎಡಗಡೆ ಶಿವಗಂಗೆ ಬೆಟ್ಟ. ಪೂರ್ವದಿಂದ ನೋಡಿದರೆ ನಂದಿ, ಉತ್ತರದಿಂದ ನೋಡಿದರೆ ಹಾವು ಅಂತ ಹೇಳುತ್ತಾರೆ. ಬಸ್ಸಿನಲ್ಲಿ ಈ ದಾರಿಯಲ್ಲಿ ನೂರು ಸಲ ಓಡಾಡಿದ್ದೇನೆ. ಆದರೆ ನಂದಿ ಹಾವಾಗುವಷ್ಟು ಹೊತ್ತು ಆ ಬೆಟ್ಟವನ್ನು ನೋಡಿದ್ದು ಆವತ್ತೇ. ಒಂದು ಗಂಟೆ ತುಳಿದರೂ ಅದು ಅಲ್ಲೇ ಇತ್ತು. ಕೊನೆಕೊನೆಗೆ ಅದು ಹಾವಾದರೇನು, ಹಲ್ಲಿಯಾದರೇನು, ಕಣ್ಮರೆಯಾದರೆ ಸಾಕು ಅನ್ನಿಸಿತು.

ಇಳಿಜಾರು ಇತ್ತು. ಇಲ್ಲ ಅನ್ನುವ ಹಾಗಿಲ್ಲ. ಆದರೆ ಪ್ರತಿ ಇಳಿಜಾರಿನ ಹಿಂದೆ ಒಂದು ಏರು ಬಾಲದ ಹಾಗೆ ಅಂಟಿಕೊಂಡಿರುತ್ತಿತ್ತು. ಅದೂ ಬೆಟ್ಟದಂಥ ಏರಾಗಿದ್ದರೆ ಮರ್ಯಾದೆಯಾಗಿ ಇಳಿದು ತಳ್ಳಬಹುದು. ಇದು ಕಣ್ಣಿಗೆ ಕಾಣದ ಏರು. ಮುಂದೆ ರಸ್ತೆ ಮಟ್ಟಸವಾಗಿ ಮಲಗಿದೆ, ತೊಡೆ ಮಾತ್ರ ಬೇರೆಯೇ ಹೇಳುತ್ತಿದೆ. ಬ್ರೇಕ್ ಉಜ್ಜುತ್ತಿದೆಯಾ ಅಂತ ಮೂರು ಸಲ ಇಳಿದು ನೋಡಿದೆ. ಗಾಳಿ ಕಮ್ಮಿಯಾಗಿದೆಯಾ ಅಂತ ಟೈರ್ ಒತ್ತಿ ನೋಡಿದೆ. ಎಲ್ಲ ಸರಿಯಾಗೇ ಇತ್ತು. ಬಸ್ಸಿನ ಡ್ರೈವರ್ ಇಷ್ಟು ವರ್ಷ ಸದ್ದಿಲ್ಲದೆ ಗೇರ್ ಬದಲಾಯಿಸಿ ನಮ್ಮಿಂದ ಮುಚ್ಚಿಟ್ಟಿದ್ದನ್ನೆಲ್ಲ ಈ ಸೈಕಲ್ ಒಂದೇ ಬೆಳಿಗ್ಗೆ ಬಯಲು ಮಾಡಿತು.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಎರಡು ತಿಂದರೆ ಮಧ್ಯಾಹ್ನದ ಊಟ ಬೇಡ ಅನ್ನುವ ನಾನು ನಾಲ್ಕು ತಿಂದೆ. ಮೇಷ್ಟ್ರು ಎಷ್ಟು ತಿಂದ ಅಂತ ಬರೆದರೆ ಅವನ ಹೆಂಡತಿ ಓದುತ್ತಾರೆ.

ಪ್ಲಾನ್ ಪ್ರಕಾರ ಮೊದಲ ರಾತ್ರಿ ತಿಪಟೂರಿನಲ್ಲಿ, ಮೇಷ್ಟ್ರ ಚಿಕ್ಕಮ್ಮನ ಮನೆಯಲ್ಲಿ. ಆದರೆ ತುಮಕೂರು ದಾಟಿ ರಸ್ತೆ ಪಶ್ಚಿಮಕ್ಕೆ ತಿರುಗಿದ ಕೂಡಲೇ ಆಷಾಢದ ಗಾಳಿ ಎದುರಾಯಿತು. ಭೂಗೋಳದ ಪುಸ್ತಕದಲ್ಲಿ ಅದಕ್ಕೆ ನೈಋತ್ಯ ಮಾನ್ಸೂನ್ ಅಂತ ಹೆಸರು. ಅರಬ್ಬೀ ಸಮುದ್ರದಿಂದ ಹೊರಟು, ಘಟ್ಟದ ಮೇಲೆ ಮಳೆಯೆಲ್ಲ ಸುರಿಸಿ, ಖಾಲಿ ಕೈಯಲ್ಲಿ ಬಯಲುಸೀಮೆಗೆ ಬರುವ ಗಾಳಿ. ಕೈ ಖಾಲಿ ಇದ್ದವನಿಗೆ ಆವೇಶ ಜಾಸ್ತಿ, ಅಲ್ವಾ? ಇಳಿಜಾರಿನಲ್ಲಿ ಪೆಡಲ್ ಬಿಟ್ಟರೆ ಸೈಕಲ್ ನಿಂತೇ ಹೋಗುತ್ತಿತ್ತು.

"ಮೇಷ್ಟ್ರೇ, ಜುಲೈನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ?"

"ಪಶ್ಚಿಮದಿಂದ."

"ನಾವು ಯಾವ ಕಡೆ ಹೋಗ್ತಾ ಇದೀವಿ?"

ಅವನು ನೀರು ಕುಡಿಯುವ ನೆಪದಲ್ಲಿ ಹಿಂದೆ ಉಳಿದ.

ಗುಬ್ಬಿಗೆ ಬರುವಷ್ಟರಲ್ಲಿ ಸಾಯಂಕಾಲ. ಸುಮಾರು 90 ಕಿಲೋಮೀಟರ್ ಆಗಿತ್ತು. ಇನ್ನು ಒಂದು ಮಾರು ಕೂಡ ಆಗದು ಅಂತ ನಾನು ಲಾಡ್ಜಿನ ಮುಂದೆ ಕೂತುಬಿಟ್ಟೆ. ಸೈಕಲ್ ರಸ್ತೆಯಲ್ಲಿ ಬಿಡಲು ಮೇಷ್ಟ್ರಿಗೆ ಧೈರ್ಯವಿಲ್ಲ, ರೂಮು ಎರಡನೇ ಮಹಡಿ. ರಂಗದ ಮೇಲೆ ನಿಜವಾದ ಆನೆಯನ್ನೇ ತಂದು ನಿಲ್ಲಿಸಿದ ಗುಬ್ಬಿ ವೀರಣ್ಣನವರ ಊರಿನಲ್ಲಿ ನಾವು ಎರಡು ಸೈಕಲನ್ನು ಮಹಡಿ ಹತ್ತಿಸಲು ಅರ್ಧ ಗಂಟೆ ತೆಗೆದುಕೊಂಡೆವು. ನೋಡುಗರು ಮಾತ್ರ ಕಮ್ಮಿ ಇರಲಿಲ್ಲ.

ರಾತ್ರಿ ನಾನು ಬೋರಲು ಮಲಗಿದೆ. ಬೇರೆ ಭಂಗಿ ಸಾಧ್ಯವಿರಲಿಲ್ಲ. ಬೆಳಿಗ್ಗೆ ಪೇಟೆಯ ಸೈಕಲ್ ಶಾಪ್ ಬಾಗಿಲು ತೆಗೆಯುವ ಮೊದಲೇ ಅದರ ಮುಂದೆ ನಿಂತಿದ್ದೆ. ಅಂಗಡಿಯವನು ನನ್ನ ಸೀಟನ್ನು ಬೆರಳಲ್ಲಿ ತಟ್ಟಿ, "ಇದು ಕೂರೋಕಲ್ಲ ಸಾರ್, ಷೋಗೆ" ಅಂದ. ಮೂಲೆಯಿಂದ ಒಂದು ಹಳೇ ಸ್ಪ್ರಿಂಗ್ ಸೀಟು ತೆಗೆದು, ಧೂಳು ಒರೆಸಿ ಹಾಕಿಕೊಟ್ಟ. ಇಪ್ಪತ್ತೊಂದು ಗೇರಿನ ಸೈಕಲ್ಲಿನ ಮೇಲೆ ಅದು ಸೂಟಿಗೆ ಪೇಟ ಸುತ್ತಿದ ಹಾಗೆ ಕಾಣುತ್ತಿತ್ತು. ಕೂತ ಕೂಡಲೇ ಅಂಗಡಿಯವನ ಮನೆತನ ಚೆನ್ನಾಗಿರಲಿ ಅಂದುಕೊಂಡೆ.

ಎರಡನೇ ದಿನ ನಾವು ಮೊದಲ ಸಲ ಜಗಳವಾಡಿದೆವು. ಮೇಷ್ಟ್ರು ಯಾವಾಗಲೂ ಮುಂದೆ, ನಾನು ಹಿಂದೆ. ಅವನು ಅರ್ಧ ಫರ್ಲಾಂಗ್ ಮುಂದೆ ಹೋಗಿ ನಿಂತು, ಒಂದು ಕಾಲು ಊರಿ, ನಾನು ಬರುವುದನ್ನು ನೋಡುತ್ತಿರುತ್ತಿದ್ದ. ನಾನು ಏದುಸಿರು ಬಿಡುತ್ತಾ ಹತ್ತಿರ ಬಂದ ತಕ್ಷಣ ಹೊರಟುಬಿಡುತ್ತಿದ್ದ. ಅವನಿಗೆ ರೆಸ್ಟ್ ಆಯಿತು, ನನಗೆ? ನಿಟ್ಟೂರಿನ ಹತ್ತಿರ ಬಾಯಿಬಿಟ್ಟು ಕೇಳಿದೆ. "ನೀನು ನಿಂತಿರೋದು ಕಾಯೋದಕ್ಕೋ, ಹಾಜರಿ ತಗೊಳ್ಳೋದಕ್ಕೋ?" ಐವತ್ತು ವರ್ಷದ ಸ್ನೇಹದಲ್ಲಿ ನಾವಿಬ್ಬರೂ ಬೇರೆ ಬೇರೆ ವೇಗದವರು ಅಂತ ಗೊತ್ತಾಗಿರಲೇ ಇಲ್ಲ. ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವಾಗ ಅದು ಹೇಗೆ ಗೊತ್ತಾಗುತ್ತೆ?

ಜಗಳ ಬಗೆಹರಿದದ್ದು ಗಾಳಿಯಿಂದ. ಒಂದು ಕಡೆ ನಾನು ಅವನ ಹಿಂದೆ ತೀರಾ ಹತ್ತಿರ, ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಬಂದೆ. ಇದ್ದಕ್ಕಿದ್ದಂತೆ ಕಿವಿಯ ಬೊಬ್ಬೆ ನಿಂತಿತು. ಪೆಡಲ್ ಹಗುರವಾಯಿತು. ಮೇಷ್ಟ್ರ ಅಗಲ ಬೆನ್ನು ಗಾಳಿಗೆ ಗೋಡೆಯಾಗಿತ್ತು. ರೇಸಿನವರು ಇದನ್ನೇ ಮಾಡುತ್ತಾರಂತೆ: ಒಬ್ಬ ಮುಂದೆ ಗಾಳಿ ತಿನ್ನುವುದು, ಉಳಿದವರು ಅವನ ಮರೆಯಲ್ಲಿ ಹೋಗುವುದು, ಆಮೇಲೆ ಸರದಿ ಬದಲಾಯಿಸುವುದು. ನಾವೂ ಒಪ್ಪಂದ ಮಾಡಿಕೊಂಡೆವು. ಹೆದ್ದಾರಿಯ ಬದಿಯಲ್ಲಿ ಹಳದಿ ಟೋಪಿ ಹಾಕಿಕೊಂಡು ನಿಂತಿರುತ್ತಲ್ಲ ಕಿಲೋಮೀಟರ್ ಕಲ್ಲು, ಅದೇ ಗಡಿ. ಒಂದು ಕಲ್ಲು ನೀನು, ಒಂದು ಕಲ್ಲು ನಾನು. ಕಲ್ಲು ಕಂಡವನು "ಕಲ್ಲು!" ಅಂತ ಕೂಗಬೇಕು.

ಒಪ್ಪಂದ ಆದಮೇಲೆ ಮೋಸವೂ ಶುರುವಾಯಿತು. ನಾನು ಮುಂದಿದ್ದಾಗ ದೂರದಲ್ಲಿ ಬಿಳಿ ಏನು ಕಂಡರೂ ಕಲ್ಲು ಅಂತ ಕೂಗುತ್ತಿದ್ದೆ. ಒಂದು ಸಲ ಅದು ಸಿಮೆಂಟ್ ಚೀಲ, ಇನ್ನೊಂದು ಸಲ ಮೇಕೆ. ರಸ್ತೆ ಅಗಲ ಮಾಡುವಾಗ ಕಿತ್ತುಹಾಕಿದ ಕಡೆ ಕಲ್ಲೇ ಇಲ್ಲ. ಅಂಥಲ್ಲಿ ಮುಂದಿದ್ದವನ ಗತಿ ದೇವರಿಗೇ ಪ್ರೀತಿ. ಅಂಥ ಒಂದು ಜಾಗದಲ್ಲಿ ನಾನೇ ಸಿಕ್ಕಿಕೊಂಡು, ಹಿಂದಿನಿಂದ ಮೇಷ್ಟ್ರು ಹಾಯಾಗಿ ಹಳೇ ಹಾಡು ಗುನುಗುತ್ತಿದ್ದುದನ್ನು ಕೇಳಿಸಿಕೊಳ್ಳಬೇಕಾಯಿತು. ತೆಂಗಿನ ತೋಟ ಬಂದರೆ ಗಾಳಿ ಕಮ್ಮಿ. ತೋಟ ಮುಗಿದು ರಾಗಿ ಹೊಲ ಬಂದರೆ ಮತ್ತೆ ಮುಖಕ್ಕೆ. ಹಾಗಾಗಿ ತೋಟದ ಕಲ್ಲು ಯಾರಿಗೆ, ಹೊಲದ ಕಲ್ಲು ಯಾರಿಗೆ ಅಂತ ಇನ್ನೊಂದು ತಕರಾರು.

ಇದರ ನಡುವೆ ದಾರಿಹೋಕರ ಪ್ರಶ್ನೆ. ಎಲ್ಲಿಂದ, ಎಲ್ಲಿಗೆ ಆದಮೇಲೆ ಮೂರನೆಯದು ತಪ್ಪದೆ ಬರುತ್ತಿತ್ತು. "ಏನು ಜಾಗೃತಿ ಸಾರ್?" ವಯಸ್ಸಾದವರು ಸೈಕಲ್ ತುಳಿದರೆ ಏನಾದರೂ ಜಾಗೃತಿ ಇರಲೇಬೇಕು. ಪರಿಸರ, ಪ್ಲಾಸ್ಟಿಕ್, ಸಕ್ಕರೆ ಕಾಯಿಲೆ, ಏನೋ ಒಂದು. ಮುಂದೆ ಬೋರ್ಡ್ ಇಲ್ಲವಲ್ಲ ಅಂತ ಹ್ಯಾಂಡಲ್ ಬಗ್ಗಿ ನೋಡುತ್ತಿದ್ದರು. ಕೆಲವರು "ಹರಕೆನಾ?" ಅಂತ ಕೇಳಿದರು. ನಡೆದು ಧರ್ಮಸ್ಥಳಕ್ಕೆ ಹೋಗುವವರನ್ನು ಕಂಡ ಜನ, ಪಾಪ. ಒಬ್ಬ ಟ್ರ್ಯಾಕ್ಟರ್ ನಿಲ್ಲಿಸಿ, "ಗಾಡಿ ಕೆಟ್ಟೋಯ್ತಾ?" ಅಂದ. ಮೊದಮೊದಲು "ಸುಮ್ನೆ" ಅಂತ ಸತ್ಯ ಹೇಳುತ್ತಿದ್ದೆವು. ಸುಮ್ನೆ ಅನ್ನುವುದನ್ನು ಒಬ್ಬರೂ ನಂಬಲಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದರು. ಕೊನೆಗೆ ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಮೇಷ್ಟ್ರು ಗಂಭೀರವಾಗಿ, "ಮಂಡಿ ನೋವಿನ ಜಾಗೃತಿ" ಅಂದ. ಟೀ ಅಂಗಡಿಯವರು ಕೂಡಲೇ ಸ್ಟೂಲ್ ಹಾಕಿ, ತಮ್ಮ ಎಡ ಮಂಡಿಯ ಕಥೆ ಪೂರ್ತಿ ಹೇಳಿ, ದುಡ್ಡು ಬೇಡ ಅಂದುಬಿಟ್ಟರು. ನಾವು ಬಲವಂತವಾಗಿ ಕೊಟ್ಟೆವು. ಸುಳ್ಳೇನೂ ಅಲ್ಲವಲ್ಲ.

ತಿಪಟೂರಿನ ಚಿಕ್ಕಮ್ಮ ನಮ್ಮನ್ನು ಹಿಂದಿನ ರಾತ್ರಿಯಿಂದ ಕಾಯುತ್ತಿದ್ದರು. ಬಾಗಿಲಲ್ಲೇ ಶುರು ಮಾಡಿದರು. "ಆಷಾಢದಲ್ಲಿ ಮನೆ ಬಿಟ್ಟು ಹೋಗೋರು ಹೊಸ ಸೊಸೆಯಂದಿರು ಕಣ್ರಪ್ಪಾ. ನಿಮಗೇನು ಬಂತು?" ಆಮೇಲೆ ಬಿಸಿನೀರು, ಮುದ್ದೆ, ಹುರುಳಿ ಸಾರು, ಮೇಲೆ ತುಪ್ಪ. ತುಮಕೂರಿಗಿಂತ ತಿಪಟೂರೇ ಎತ್ತರದಲ್ಲಿದೆ ಅಂತ ನಾನು ಫೋನಿನಲ್ಲಿ ನೋಡಿದ್ದು ಊಟ ಆದಮೇಲೆ. ಮೇಷ್ಟ್ರಿಗೆ ತೋರಿಸಿದೆ. ಅವನು ಕನ್ನಡಕ ಇಲ್ಲ ಅಂದ. ಕನ್ನಡಕ ಮೂಗಿನ ಮೇಲೇ ಇತ್ತು.

ಆ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ತಿಪಟೂರಿನ ಕೊಬ್ಬರಿ ಅಂದರೆ ಗೊತ್ತಲ್ಲ, ಅದು ಆಗೋದು ಹೀಗೆ. ಕಾಯಿಯನ್ನು ಒಡೆಯದೆ ತಿಂಗಳುಗಟ್ಟಲೆ, ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತೆ. ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ. ಮೇಷ್ಟ್ರು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ.

"ಇದೂ ರಿಟೈರ್ ಆಗಿದೆ" ಅಂದ.

ಹೊರಡುವಾಗ ಚಿಕ್ಕಮ್ಮ ನಮ್ಮ ಚೀಲ ಬಿಚ್ಚಿಸಿದರು. ನನ್ನ ಎರಡನೇ ಜೊತೆ ಶೂ, ಇಸ್ತ್ರಿ ಮಾಡಿದ ಮೂರು ಅಂಗಿ, ಮೇಷ್ಟ್ರು ತಂದಿದ್ದ ದಪ್ಪ ಅಟ್ಲಾಸ್, ಎಲ್ಲ ಅಲ್ಲೇ ಉಳಿದವು. ಹಗುರವಾಯಿತು ಅಂದುಕೊಳ್ಳುವಷ್ಟರಲ್ಲಿ ಅದೇ ಜಾಗಕ್ಕೆ ಕೊಬ್ಬರಿ ಮತ್ತು ಚಟ್ನಿಪುಡಿ ತುಂಬಿದರು. ತೂಕ ಒಂದು ಗುಂಜಿಯೂ ಕಮ್ಮಿಯಾಗಲಿಲ್ಲ.

ಮೂರನೇ ದಿನ ಮೈ ಪಳಗಿತ್ತು. ಅರಸೀಕೆರೆ ಬೇಗ ಬಂತು, ಬಾಣಾವರವೂ ಬಂತು. ಜಿನುಗು ಮಳೆ. ಕಡೂರಿನ ಹತ್ತಿರ ವೇದಾವತಿಯ ಸೇತುವೆ ಮೇಲೆ ಸೈಕಲ್ ಒರಗಿಸಿ ಕೊಬ್ಬರಿ ಕಡಿಯುತ್ತಾ ನಿಂತೆವು. ಕೆಳಗೆ ಕೆಂಪು ನೀರು ತೆಳ್ಳಗೆ ಹರಿಯುತ್ತಿತ್ತು.

"ಈ ನೀರು ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ?"

ಅವನಿಗೆ ಖುಷಿಯಾಯಿತು. ಎಷ್ಟೋ ದಿನದಿಂದ ಯಾರೂ ಪಾಠ ಕೇಳಿರಲಿಲ್ಲ. "ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೆ. ಅಲ್ಲಿಂದ ಮುಂದೆ ತುಂಗಭದ್ರೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ."

"ಪೂರ್ವಕ್ಕೆ?"

"ಪೂರ್ವಕ್ಕೆ."

"ಗುಬ್ಬಿ ಕಡೆ ಬಿದ್ದ ಮಳೆ?"

"ಶಿಂಷಾ. ಕಾವೇರಿ. ಬಂಗಾಳ..." ಅಷ್ಟಕ್ಕೇ ನಿಲ್ಲಿಸಿದ.

"ಮುಂದೆ ಶಿವಮೊಗ್ಗದಲ್ಲಿ ತುಂಗೆ?"

ಅವನು ಕೊಬ್ಬರಿ ಅಗಿಯುವುದನ್ನೂ ನಿಲ್ಲಿಸಿದ. ಮೂರು ದಿನದಿಂದ ನಾವು ದಾಟಿದ ಹನಿ ನೀರೂ ನಮ್ಮ ಜೊತೆ ಬಂದಿರಲಿಲ್ಲ. ಎಲ್ಲ ನಮಗೆ ಬೆನ್ನು ಹಾಕಿ ಆ ಕಡೆ ಇಳಿದುಹೋಗುತ್ತಿತ್ತು. ಇಳಿಜಾರು ಯಾವ ಕಡೆ ಅಂತ ನೀರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಷ್ಟ್ರು ಬಹಳ ಹೊತ್ತು ಸೇತುವೆಯ ಕಟ್ಟೆ ಹಿಡಿದು ಕೆಳಗೆ ನೋಡಿದ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ಬಿಟ್ಟುಬಂದ ಹುಡುಗನ ಮುಖ.

"ಶರಾವತಿ ಬರಲಿ ತಡಿ. ಅದು ಪಶ್ಚಿಮಕ್ಕೇ ಹರಿಯೋದು" ಅಂದ ಕೊನೆಗೆ. ಸೈಕಲ್ ಹತ್ತಿದ.

ಕಡೂರು ದಾಟಿದ ಮೇಲೆ ಮತ್ತೆ ಬಯಲು, ಮತ್ತೆ ಗಾಳಿ. ಮೇಷ್ಟ್ರು ಮುಂದಿದ್ದ. ನಾನು ಅವನ ಒದ್ದೆ ಬೆನ್ನಿನ ಮರೆಯಲ್ಲಿ. ಒಂದು ಹಳದಿ ಟೋಪಿಯ ಕಲ್ಲು ಬಂತು. ಅವನು ಅದನ್ನು ನೋಡಿದ, ತಲೆ ಆ ಕಡೆ ತಿರುಗಿದ್ದು ನನಗೆ ಕಂಡಿತು. ಕೂಗಲಿಲ್ಲ. ತುಳಿಯುತ್ತಲೇ ಇದ್ದ. ಇನ್ನೊಂದು ಕಲ್ಲು ಬಂತು. ಅದನ್ನೂ ಬಿಟ್ಟ.

ನಾನೂ ಎರಡನ್ನೂ ನೋಡಿದ್ದೆ. ಗಾಳಿ ಜೋರಾಗಿತ್ತು. ಬಾಯಿ ಬಿಡಲಿಲ್ಲ.