ಲೈಟ್ ಹಾಕಿದರೆ ಮಾತ್ರ ವಾರ್ತೆ

ನಮ್ಮ ಹಳೇ ಕಾರಿನ ಸ್ಟೀರಿಯೋ ಸಿಡಿ ನುಂಗಿ ಸತ್ತಿತು. ಹೊಸದು ತರಿಸಿದೆ. ಕೂರಿಸಲು ಅಂಗಡಿಯವರು ಐನೂರು ಕೇಳಿದರು. ನಾಲ್ಕು ವಯರ್ ಸುತ್ತಲು ಐನೂರಾ?

“ಸುಮ್ನೆ ಕೊಟ್ಟು ಬನ್ನಿ ಮಾರಾಯ್ರೆ, ನಿಮಗೆ ಎಂತಕ್ಕೆ ಇದೆಲ್ಲ?” ಅಂದಳು ಹೆಂಡತಿ. ಅಷ್ಟು ಹೇಳಿದ ಮೇಲೆ ನಾನೇ ಮಾಡದೆ ಇರಲಾಗುತ್ತದಾ?

ಸ್ಟೀರಿಯೋ ಕಡೆಯ ಲೆಕ್ಕ ಸುಲಭ. ಹಳದಿ ವಯರಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಬೇಕು, ಗಂಟೆ, ಸ್ಟೇಷನ್ ಎಲ್ಲ ನೆನಪಿಡುವುದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕಪ್ಪು ವಯರ್ ಕಾರಿನ ಲೋಹದ ಮೈಗೆ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರಿಗೆ.

ಕಷ್ಟ ಇದ್ದದ್ದು ಕಾರಿನ ಕಡೆ. ಮೊದಲಿನವರು ಯಾರೋ ಕಂಪನಿಯ ಸಾಕೆಟನ್ನೇ ಕತ್ತರಿಸಿ, ಕೈಗೆ ಸಿಕ್ಕಿದ ಬಣ್ಣದ ವಯರ್ ಜೋಡಿಸಿ ಟೇಪ್ ಸುತ್ತಿದ್ದರು. ನಮ್ಮೂರಿನ ಸೆಕೆಗೆ ಟೇಪಿನ ಅಂಟು ಕರಗಿ ಹಲಸಿನ ಮೇಣದ ಹಾಗಾಗಿತ್ತು. ತೆಂಗಿನೆಣ್ಣೆ ಹಚ್ಚದೆ ಮುಟ್ಟಿದವನಿಗೆ ಆಗುವುದೆಲ್ಲ ನನಗೂ ಆಯಿತು.

ಅಷ್ಟರಲ್ಲಿ ಕತ್ತಲಾಯಿತು. ಕೆಲಸ ಕಾಣಲಿ ಅಂತ ಕಾರಿನ ಹೆಡ್‌ಲೈಟ್ ಹಾಕಿದೆ. (ಈ ವಾಕ್ಯ ನೆನಪಿಟ್ಟುಕೊಳ್ಳಿ.) ಟೆಸ್ಟ್ ಬಲ್ಬ್ ಹಿಡಿದು ನೋಡಿದರೆ ಒಂದು ವಯರಿನಲ್ಲಿ ಕರೆಂಟ್ ಉಂಟು. ಅದಕ್ಕೆ ಕೆಂಪು ಸುತ್ತಿದೆ. ಮಂಗಳೂರು ಆಕಾಶವಾಣಿ, 100.3, ಸ್ಪಷ್ಟವಾಗಿ ಬಂತು! ಎಲ್ಲ ಸ್ಕ್ರೂ ಹಾಕಿದೆ. ಎರಡು ಉಳಿಯಿತು. ಅದು ಲೆಕ್ಕಕ್ಕಿಲ್ಲ.

ಬೆಳಿಗ್ಗೆ ಸ್ಟೀರಿಯೋ ಸತ್ತಿತ್ತು. ಇಡೀ ದಿನ ಸುದ್ದಿಯಿಲ್ಲ. ಸಂಜೆ ಉರ್ವ ಮಾರ್ಕೆಟಿಗೆ ಹೊರಟವನು ಲೇಡಿಹಿಲ್ ಹತ್ತಿರ ಕತ್ತಲಾಯಿತೆಂದು ಲೈಟ್ ಹಾಕಿದೆ ನೋಡಿ, ಸ್ಟೀರಿಯೋ ಕಿವಿಯ ಹತ್ತಿರವೇ ಕಿರುಚಿತು. ಮುಂದಿನ ರಿಕ್ಷಾಕ್ಕೆ ಗುದ್ದುವುದೊಂದು ಬಾಕಿ. ನಮ್ಮ ಯಕ್ಷಗಾನ ಮೇಳದ ಹಾಗೆ ಇದೂ ಕತ್ತಲಾದ ಮೇಲೆಯೇ ರಂಗಕ್ಕೆ ಬರುವ ಜಾತಿ.

ಪುನಃ ಬಿಚ್ಚುವ ಧೈರ್ಯ ಇರಲಿಲ್ಲ. ಮೂರು ವಾರ ಮಟಮಟ ಮಧ್ಯಾಹ್ನ ಹೆಡ್‌ಲೈಟ್ ಉರಿಸಿಕೊಂಡು ತಿರುಗಿದೆ. ಊರಿನವರ ಒಳ್ಳೆಯತನ ಆಗ ತಿಳಿಯಿತು. ಎದುರು ಬಂದವರೆಲ್ಲ ಕೈ ಮುಚ್ಚಿ ಬಿಡಿಸಿ, ಮುಚ್ಚಿ ಬಿಡಿಸಿ ಸನ್ನೆ ಮಾಡಿದ್ದೇ ಮಾಡಿದ್ದು. ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಲೇ “ಅಣ್ಣಾ, ಲೈಟ್!” ಅಂತ ಕೂಗಿದ. ಬೈಕಿನವರದ್ದೇ ನನಗೆ ಜಾಸ್ತಿ ಉರಿ. 2017ರಿಂದ ಬಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ತಮ್ಮದು ಹಗಲಿಡೀ ಉರಿಯುತ್ತಿರುವಾಗ ನನಗೆ ಸನ್ನೆ!

ಹಿರಿಯರೊಬ್ಬರು ಸ್ಕೂಟರಿನಲ್ಲಿ ಕುಂಟಿಕಾನದಿಂದ ನಂತೂರಿನವರೆಗೆ ಬೆನ್ನು ಹತ್ತಿ ಬಂದರು. ಸಿಗ್ನಲಿನಲ್ಲಿ ಗಾಜು ತಟ್ಟಿದರು.

“ನಿಮ್ಮ ಲೈಟ್ ಉರೀತಾ ಉಂಟು.”

“ಗೊತ್ತುಂಟು. ವಾರ್ತೆ ಕೇಳ್ತಾ ಇದ್ದೇನೆ.”

ಅವರು ನನ್ನ ಮುಖ, ಲೈಟ್, ಪುನಃ ಮುಖ ನೋಡಿದರು. ಮತ್ತೆ ಮಾತಾಡಲಿಲ್ಲ.

ಕದ್ರಿ ಪಾರ್ಕ್ ಹೊರಗೆ ಮಗಳಿಗೆ ಕಾಯುತ್ತ, ಎಂಜಿನ್ ಬಂದ್ ಮಾಡಿ, ಕ್ರಿಕೆಟ್ ಕಾಮೆಂಟರಿ ಕೇಳಿದ ದಿನ ಬ್ಯಾಟರಿ ಪೂರ್ತಿ ಇಳಿಯಿತು. ಕೇಬಲ್ ಹಿಡಿದು ಬಂದ ಹೆಂಡತಿಯ ಅಣ್ಣ ಕತೆ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ಭಾವ, ನೀವು ಕರೆಂಟ್ ನೋಡುವಾಗ ಲೈಟ್ ಹಾಕಿದ್ದಿರಾ?”

ನಾನು ಕೆಂಪು ಸುತ್ತಿದ್ದು ರಾತ್ರಿ ಡ್ಯಾಶ್‌ಬೋರ್ಡ್ ಬೆಳಗುವ ವಯರಿಗಂತೆ. ಲೈಟ್ ಇದ್ದರೆ ಮಾತ್ರ ಅದರಲ್ಲಿ ಕರೆಂಟ್.

ಅಂಗಡಿಯ ಹುಡುಗ ಹತ್ತು ನಿಮಿಷದಲ್ಲಿ ಸರಿ ಮಾಡಿದ. ಎಡಗಡೆ ಸ್ಪೀಕರಿನ ಎರಡು ವಯರ್ ಅದಲುಬದಲಾಗಿದ್ದನ್ನೂ ಅವನೇ ಹಿಡಿದ. ಒಂದು ಸ್ಪೀಕರ್ ಗಾಳಿ ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಮದ್ದಳೆ ತಗಡಿನ ಡಬ್ಬಿಯ ಹಾಗೆ ಕೇಳುತ್ತಿದ್ದದ್ದು ಅದಕ್ಕೆ. ಏಳುನೂರು ತೆಗೆದುಕೊಂಡ. “ಮೊದಲು ಬಿಚ್ಚಲಿಕ್ಕೆ ಜಾಸ್ತಿ ಟೈಮ್ ಹೋಯ್ತು ಸಾರ್” ಅಂದ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: “ಹೆಡ್‌ಲೈಟ್ ಎಂತಕ್ಕೆ ಹಾಕಿದ್ದು? ಪಾರ್ಕಿಂಗ್ ಲೈಟ್ ಹಾಕಿದ್ರೂ ಹಾಡ್ತಿತ್ತಲ್ಲ.”

ಈಗಲೂ ಹೈವೇಯಲ್ಲಿ ಹಗಲು ಲೈಟ್ ಉರಿಸಿಕೊಂಡು ಕಾರು ಎದುರು ಬಂದರೆ ನಾನು ಕೈಸನ್ನೆ ಮಾಡುವುದಿಲ್ಲ. ಪಾಪ, ವಾರ್ತೆ ಮುಗಿಯಲಿ.