ಸ್ಪಷ್ಟನೆ: 1977ರಲ್ಲಿ ಹಾಸನ ಕಾಂಗ್ರೆಸ್ಸಿನದಲ್ಲ

'ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದರು, ಆ ಸಲ ಕರ್ನಾಟಕದ 28ಕ್ಕೆ 28 ಕ್ಷೇತ್ರವೂ ಕಾಂಗ್ರೆಸ್ಸಿಗೇ ಹೋಯಿತು' ಎಂಬ ವಾಟ್ಸ್ಆ್ಯಪ್ ಸಂದೇಶ ಹಾಸನದ ಕಡೆ ಓಡಾಡುತ್ತಿದೆ. ಎರಡೂ ಮಾತು ತಪ್ಪು.

1977ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 26. ಉಳಿದೆರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ನಮ್ಮ ಹಾಸನವೇ! ಇಲ್ಲಿ ಗೆದ್ದವರು ಜನತಾ ಪಕ್ಷದ ಎಸ್. ನಂಜೇಶಗೌಡರು. ಹಾಸನದವರೇ ಇದನ್ನು ಮರೆತು ಫಾರ್ವರ್ಡ್ ಮಾಡುತ್ತಿರುವುದು ಸೋಜಿಗ.

ಆ ಗೆಲುವು ಸಲೀಸಾಗಿ ಬಂದದ್ದಲ್ಲ. ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್‌ನಿಂದ ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಹೊಳೆನರಸೀಪುರದ ಶಾಸಕ ಎಚ್.ಡಿ. ದೇವೇಗೌಡರೂ ಅವರಲ್ಲೊಬ್ಬರು. ಚುನಾವಣೆ ಘೋಷಣೆಯಾದದ್ದು 1977ರ ಜನವರಿ 18ಕ್ಕೆ. ಸಂಸ್ಥಾ ಕಾಂಗ್ರೆಸ್ (ಕಾಂಗ್ರೆಸ್ ಒಡೆದಾಗ ಇಂದಿರಾ ವಿರುದ್ಧ ನಿಂತ ಬಣ), ಜನಸಂಘ, ಲೋಕದಳ, ಸಮಾಜವಾದಿಗಳು ಐದೇ ದಿನದಲ್ಲಿ ಜನತಾ ಪಕ್ಷ ಎಂಬ ಒಂದೇ ಹೆಸರಿನಡಿ ನಿಂತರು. ಹಾವು ಮುಂಗುಸಿಯಂತಿದ್ದವರನ್ನು ಒಂದೇ ಚಪ್ಪರದಡಿ ಕೂರಿಸಿದ್ದು ಸಿದ್ಧಾಂತವಲ್ಲ, ಜೈಲು ಎಂದೇ ನನಗನ್ನಿಸುತ್ತದೆ. ಹೊಸ ಪಕ್ಷಕ್ಕೆ ಸ್ವಂತ ಚಿಹ್ನೆ ಇರಲಿಲ್ಲ. ಹೆಚ್ಚಿನ ಕಡೆ ಲೋಕದಳದ ನೇಗಿಲು ಹೊತ್ತ ರೈತನನ್ನೇ ಎರವಲು ಪಡೆದರು.

ಚಿಕ್ಕಮಗಳೂರಿನಲ್ಲಿ ಆಗ ಗೆದ್ದವರು ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು. ಇಂದಿರಾ ರಾಯ್‌ಬರೇಲಿಯಲ್ಲಿ ಸೋತರು. 1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಮುಗಿಯಿತು. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿದ್ದು 1978ರ ನವೆಂಬರ್ ಉಪಚುನಾವಣೆಯಲ್ಲಿ. ಆಗ ದೆಹಲಿಯಲ್ಲಿ ಆಳುತ್ತಿದ್ದುದು ಜನತಾ ಸರ್ಕಾರ.

ಒಕ್ಕೂಟ ಬಾಳಲಿಲ್ಲ, ನಿಜ. ಆದರೆ ಅದೇ ಸರ್ಕಾರ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದು, 'ಆಂತರಿಕ ಕ್ಷೋಭೆ'ಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವ ದಾರಿ ಮುಚ್ಚಿತು. ದೇಶದೊಳಗಿನ ಕಾರಣಕ್ಕೆ ಹೇರುವುದಾದರೆ ಈಗ 'ಸಶಸ್ತ್ರ ಬಂಡಾಯ' ಇರಬೇಕು. ಸಂದೇಶ ಕಳಿಸಿದವರು ಇದನ್ನೂ ಅದೇ ಗುಂಪಿಗೆ ಹಾಕಲಿ.