"ಏನು ತಿಂತಿದ್ದರಂತೆ?" ಅಂತ ಕೇಳುವ ಮೊದಲು

ನಲವತ್ತು ದಾಟದವರಿಗೆ ಸ್ಟೆಂಟ್ ಹಾಕಿದರು ಅಂತ ಸುದ್ದಿ ಬಂದರೆ ನಮ್ಮ ಜನರ ಬಾಯಲ್ಲಿ ಬರುವ ಎರಡನೇ ಪ್ರಶ್ನೆಯೇ "ಏನು ತಿಂತಿದ್ದರಂತೆ?" ನೋಡಲು ಬಂದವರು ಹಾಸಿಗೆ ಪಕ್ಕ ನಿಂತು ಬೋಂಡಾ, ಬಿರಿಯಾನಿ, ತುಪ್ಪದ ಲೆಕ್ಕ ತೆಗೆಯುತ್ತಾರೆ. ಮಲಗಿದವನು ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ಮುಖ ತಗ್ಗಿಸುತ್ತಾನೆ. ದಿನಾ ವಾಕಿಂಗ್ ಹೋಗುವ, ಕರಿದ ತಿಂಡಿ ಮುಟ್ಟದ ಸಸ್ಯಾಹಾರಿಗೆ ಹೀಗಾಯಿತೋ, "ಟೆನ್ಷನ್ ಜಾಸ್ತಿ ಇತ್ತೇನೋ" ಅಂತ ಮಾತು ಮುಗಿಸುತ್ತಾರೆ. ಈ ತಟ್ಟೆಯ ವಿಚಾರಣೆ ನನಗೆ ಸುತರಾಂ ಒಪ್ಪಿಗೆಯಿಲ್ಲ. ಎಷ್ಟೋ ಮನೆಗಳಲ್ಲಿ ದೋಷ ಇರುವುದು ಊಟದಲ್ಲಲ್ಲ, ಲಿವರ್ ಕೋಶಗಳ ಮೇಲೆ ಕೂತಿರುವ ಒಂದು ಪ್ರೋಟೀನಿನಲ್ಲಿ. ಅದರ ಹೆಸರು ಎಲ್‌ಡಿಎಲ್ ರಿಸೆಪ್ಟರ್.

ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಕಣ ಎಲ್‌ಡಿಎಲ್. ಈ ರಿಸೆಪ್ಟರ್ ಎಲ್‌ಡಿಎಲ್ ಕಣವನ್ನು ಹಿಡಿದು ಕೋಶದೊಳಗೆ ಇಳಿಸಿ, ತಾನು ಖಾಲಿಯಾಗಿ ಮತ್ತೆ ಮೇಲೆ ಬರುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. 20 ಗಂಟೆ ಆಸುಪಾಸಿನ ಆಯುಸ್ಸಿನಲ್ಲಿ ನೂರಕ್ಕೂ ಹೆಚ್ಚು ಟ್ರಿಪ್, ಥೇಟ್ ಸಿಟಿ ಬಸ್ಸು. ಬಸ್ಸು ಕಡಿಮೆಯಾದರೆ ಜನ ಸ್ಟಾಪಿನಲ್ಲೇ ಉಳಿಯುತ್ತಾರಲ್ಲ, ಹಾಗೆ ಎಲ್‌ಡಿಎಲ್ ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಯೊಳಗೆ ನುಸುಳತೊಡಗುತ್ತದೆ.

ಈ ರಿಸೆಪ್ಟರನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರ ನೊಬೆಲ್ ಇದಕ್ಕೇ ಬಂತು. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ 600, 800, ಸಾವಿರ ಇರುವ, ಮೊಣಕೈ ಮೊಣಕಾಲುಗಳ ಮೇಲೆ ಹಳದಿ ಗಂಟು ಎದ್ದಿರುವ, ಶಾಲೆಗೆ ಹೋಗುವ ವಯಸ್ಸಿಗೇ ಹೃದಯಾಘಾತವಾಗುವ ಮಕ್ಕಳಿದ್ದರು. 1970ರ ದಶಕದ ಆರಂಭದಲ್ಲಿ ಅಂಥವರ ಚರ್ಮದ ಕೋಶಗಳನ್ನು ಇವರು ಲ್ಯಾಬಿನಲ್ಲಿ ಬೆಳೆಸಿದರು. ಆರೋಗ್ಯವಂತರ ಕೋಶಗಳಿಗೆ ಎಲ್‌ಡಿಎಲ್ ಕೊಟ್ಟರೆ, ಹೊರಗಿನಿಂದ ಬಂತಲ್ಲ ಅಂತ ಅವು ಸ್ವಂತ ತಯಾರಿಕೆ ನಿಲ್ಲಿಸಿಬಿಡುತ್ತಿದ್ದವು. ಈ ಮಕ್ಕಳ ಕೋಶಗಳಿಗೆ ಎಷ್ಟು ಸುರಿದರೂ ಅಷ್ಟೇ, ತಯಾರಿಕೆ ನಿಲ್ಲುತ್ತಿರಲಿಲ್ಲ. ಎಲ್‌ಡಿಎಲ್ ಒಳಗೆ ಹೋಗುತ್ತಲೇ ಇರಲಿಲ್ಲ, ಹಿಡಿಯುವ ರಿಸೆಪ್ಟರೇ ಇರಲಿಲ್ಲ.

ಇನ್ನೂ ಅನುಮಾನ ಇದ್ದವರಿಗೆ ಟೆಕ್ಸಾಸ್‌ನ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಹುಡುಗಿಯ ಕಥೆ ಸಾಕು. 1984ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವಳಿಗೆ ಹೃದಯದ ಜೊತೆಗೆ ಲಿವರನ್ನೂ ಕಸಿ ಮಾಡಿದರು. ಸಾವಿರ ದಾಟಿದ್ದ ಕೊಲೆಸ್ಟ್ರಾಲ್ ಮುನ್ನೂರರ ಸುಮಾರಿಗೆ ಇಳಿಯಿತು. ಬದಲಾದದ್ದು ಅಡುಗೆಮನೆಯಲ್ಲ, ಲಿವರ್. (ಅವಳು 1990ರಲ್ಲಿ ತೀರಿಕೊಂಡಳು. ಓದಿದಾಗಲೆಲ್ಲ ಸಂಕಟವಾಗುತ್ತದೆ.)

ಇಲ್ಲೊಂದು ಒಗಟಿದೆ, ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದದ್ದು. ರಿಸೆಪ್ಟರೇ ಇಲ್ಲದ ಈ ಮಕ್ಕಳ ರಕ್ತನಾಳದ ಗೋಡೆಯಲ್ಲಿರುವ ಕೋಶಗಳ ಹೊಟ್ಟೆಯಲ್ಲಿ ಅಷ್ಟೊಂದು ಕೊಲೆಸ್ಟ್ರಾಲ್ ತುಂಬಿದ್ದು ಹೇಗೆ? ಅದೇ ಇಬ್ಬರು ತಂಡ ಕಟ್ಟಿಕೊಂಡು 1979ರಲ್ಲಿ ಉತ್ತರದ ಎಳೆ ಹಿಡಿದರು. ರಕ್ತನಾಳದ ಗೋಡೆಯಲ್ಲಿ ಸಿಕ್ಕಿಬಿದ್ದ ಎಲ್‌ಡಿಎಲ್ ಕೆಡುತ್ತದೆ, ಅದರ ರೂಪ ಬದಲಾಗುತ್ತದೆ. ಅದನ್ನು ಚೊಕ್ಕ ಮಾಡಲು ಬರುವ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳಲ್ಲಿ ಬೇರೆಯೇ ಜಾತಿಯ ರಿಸೆಪ್ಟರುಗಳಿವೆ, ಸ್ಕ್ಯಾವೆಂಜರ್ ರಿಸೆಪ್ಟರ್ ಅನ್ನುತ್ತಾರೆ. ಲಿವರಿನ ರಿಸೆಪ್ಟರಿಗೆ ಸಾಕು ಅನ್ನುವುದು ಗೊತ್ತು, ಕೋಶ ತುಂಬಿದರೆ ಅದರ ಸಂಖ್ಯೆ ಕಡಿಮೆಯಾಗುತ್ತದೆ. ಇವಕ್ಕೆ ಆ ಮಾತೇ ಗೊತ್ತಿಲ್ಲ. ಹೊಟ್ಟೆ ಬಿರಿಯುವಷ್ಟು ನುಂಗಿ, ಮೈಕ್ರೋಸ್ಕೋಪಿನಲ್ಲಿ ನೊರೆ ತುಂಬಿದಂತೆ ಕಾಣುವ ಕೋಶಗಳಾಗಿ ಅಲ್ಲೇ ಸಾಯುತ್ತವೆ. ಅದರ ಸುತ್ತ ಉರಿಯೂತ, ನಾರಿನ ಪದರ, ಮೇಲೆ ಕ್ಯಾಲ್ಸಿಯಂ. ರಕ್ತನಾಳ ಗಡಸಾಗುವುದು ಹೀಗೆ. ಬೆಳ್ಳುಳ್ಳಿ-ಶುಂಠಿ-ನಿಂಬೆ ರಸ ಕುಡಿದರೆ ಬ್ಲಾಕ್ ಕರಗಿ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಕಳಿಸುವವರು ಈ ಗೋಡೆಯ ಒಳಗನ್ನು ಒಮ್ಮೆ ಊಹಿಸಿಕೊಳ್ಳಬೇಕು. ಅದು ಪೈಪಿನೊಳಗೆ ಅಂಟಿದ ಜಿಡ್ಡಲ್ಲ.

ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ. ಜಪಾನಿನ ಅಕಿರಾ ಎಂಡೊ ಸಾವಿರಾರು ಶಿಲೀಂಧ್ರಗಳನ್ನು ಜಾಲಾಡಿ 1973ರಲ್ಲಿ ಒಂದು ಪೆನಿಸಿಲಿಯಂ ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಕೊಂಡರು. ಅದು ರಕ್ತದಲ್ಲಿರುವ ಕೊಬ್ಬನ್ನು ಕರಗಿಸುವುದಿಲ್ಲ. ಲಿವರಿನ ಸ್ವಂತ ತಯಾರಿಕೆಗೆ ಅಡ್ಡ ಹಾಕುತ್ತದೆ. ಕೊರತೆ ಬಿದ್ದ ಲಿವರ್ ಹೆಚ್ಚು ರಿಸೆಪ್ಟರ್ ಮಾಡಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. 2003ರಲ್ಲಿ ಇನ್ನೊಂದು ಪಾತ್ರ ಬಂತು, ಪಿಸಿಎಸ್‌ಕೆ9. ಓಡುತ್ತಿರುವ ಬಸ್ಸನ್ನು, ಅಂದರೆ ರಿಸೆಪ್ಟರನ್ನು, ಗುಜರಿಗೆ ಹಾಕಿಸುವ ಪ್ರೋಟೀನು. ಅದನ್ನು ಹುಟ್ಟಿನಿಂದಲೇ ಸರಿಯಾಗಿ ತಯಾರಿಸಲಾಗದ ಕೆಲವು ಕಪ್ಪು ಅಮೆರಿಕನ್ನರ ಎಲ್‌ಡಿಎಲ್ 28% ಕಡಿಮೆ ಇತ್ತು, ಹೃದಯದ ರಕ್ತನಾಳದ ಕಾಯಿಲೆ 88% ಕಡಿಮೆ ಅಂತ 2006ರ ಅಧ್ಯಯನ ಹೇಳಿತು. ಅಂದರೆ ಎಲ್‌ಡಿಎಲ್ ಎಷ್ಟಿದೆ ಅನ್ನುವುದರಷ್ಟೇ, ಎಷ್ಟು ವರ್ಷದಿಂದ ಅಷ್ಟಿದೆ ಅನ್ನುವುದೂ ಮುಖ್ಯ. ಪಿಸಿಎಸ್‌ಕೆ9 ತಡೆಯುವ ಇಂಜೆಕ್ಷನ್‌ಗಳು 2015ರಿಂದ ಇವೆ. ನಮ್ಮಲ್ಲಿ ಹೆಚ್ಚಿನವರ ಜೇಬಿಗೆ ಅವು ಎಟುಕುವುದಿಲ್ಲ.

ಹಾಗಂತ ದಿನಾ ಕರಿದದ್ದು ತಿನ್ನಿ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ತುಪ್ಪ, ಬೆಣ್ಣೆಯಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ರಿಸೆಪ್ಟರುಗಳೇ ಕಡಿಮೆಯಾಗುತ್ತವೆ. ಸಿಗರೇಟು, ಶುಗರ್, ಬಿಪಿ ಸೇರಿದರೆ ಕೇಳುವುದೇ ಬೇಡ. ನನ್ನ ತಕರಾರು ಇಷ್ಟೇ: ತಂದೆ ತಾಯಿಯರಲ್ಲಿ ಒಬ್ಬರಿಂದ ಈ ರಿಸೆಪ್ಟರಿನ ಕೆಲಸ ಕೆಡಿಸುವ ಕೆಟ್ಟ ಜೀನ್ ಬಂದವರು ಸುಮಾರು 250 ಮಂದಿಗೆ ಒಬ್ಬರು ಇದ್ದಾರೆ, ಮಕ್ಕಳಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಆದರೂ ಅಪ್ಪನಿಗೆ 38ಕ್ಕೆ ಸ್ಟೆಂಟ್ ಬಿದ್ದ ಮನೆಯಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸುವವರು ಎಷ್ಟು ಜನ? ನಮ್ಮಲ್ಲಂತೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಇನ್ನೂ ಇದೆ. ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಇದ್ದು, ಎರಡೂ ಕಡೆಯಿಂದ ಮಗುವಿಗೆ ಬಂದರೆ ಮೇಲೆ ಹೇಳಿದ ಆ ಮಕ್ಕಳದೇ ಕಾಯಿಲೆ. "ಗಂಡು ನೋಡುವ ಹೊತ್ತಲ್ಲಿ ಇದೆಲ್ಲ ಯಾಕೆ, ಯಾರಿಗಾದರೂ ಗೊತ್ತಾದರೆ?" ಅನ್ನುವ ಚಿಕ್ಕಮ್ಮಂದಿರಿಗೆ ನಾನು ಹೇಳುವುದು, ಜಾತಕಕ್ಕೆ ಕೊಡುವ ದುಡ್ಡಿನಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ಕೊಲೆಸ್ಟ್ರಾಲಿನ ರಕ್ತ ಪರೀಕ್ಷೆ, ಆಗುತ್ತದೆ.

ರಿಪೋರ್ಟಿನಲ್ಲಿ ಎಲ್‌ಡಿಎಲ್ 190 ದಾಟಿದ್ದರೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿದ್ದರೆ "ಇದು ವಂಶದಿಂದ ಬಂದದ್ದಾ ಡಾಕ್ಟ್ರೇ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಇನ್ನೊಬ್ಬರ ಹತ್ತಿರ ಹೋಗಿ.